ಕುಂಬಳಕಾಯಿ ಒಡೆಯುವ ಗಂಡಸು

ಮನೆಯಲ್ಲಿ ತಮ್ಮ ಮಾತೇ ನಡೆಯುತ್ತದೆ ಎಂದು ಹೇಳಿಕೊಳ್ಳುವ ಗಂಡಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದಿರಲಿ, ಎದ್ದು ನಿಲ್ಲುವುದೂ ಇಲ್ಲ. ಕಿಟಕಿಗೆ ಯಾವ ಬಣ್ಣದ ಪರದೆ, ಯಾರ ಮದುವೆಗೆ ಯಾರು ಹೋಗಬೇಕು, ಫ್ಯಾನು ಎಷ್ಟು ಜೋರಾಗಿ ತಿರುಗಬೇಕು, ಇವೆಲ್ಲ ನನ್ನ ಅವ್ವ ಮತ್ತು ನನ್ನ ಹೆಂಡತಿ ಶೋಭಾ ಸೇರಿ ತೀರ್ಮಾನಿಸುವ ಸಂಗತಿಗಳು. ಒಂಬತ್ತು ವರ್ಷದ ಮಗಳು ಭೂಮಿಯ ಅಭಿಪ್ರಾಯವನ್ನೂ ಕೇಳುತ್ತಾರೆ. ನನಗೆ ಆಮೇಲೆ ತಿಳಿಸುತ್ತಾರೆ. ಇಷ್ಟಾದರೂ ನಾನು ಈ ತನಕ ತಲೆ ಎತ್ತಿಕೊಂಡು ಓಡಾಡುತ್ತಿದ್ದೆನೆಂದರೆ ಅದಕ್ಕೆ ಕಾರಣ ಕುಂಬಳಕಾಯಿ.

ನಮ್ಮ ಕಡೆ ಇಡಿಯ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲು ಚಾಕು ಹಾಕುವುದಿಲ್ಲ. ಗಂಡಸು ಬಂದು ಒಡೆದುಕೊಡಬೇಕು. ಆಮೇಲೆ ಹೋಳು ಮಾಡುವುದು, ಸಿಪ್ಪೆ ಹೆರೆಯುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲವನ್ನೂ ಹೆಣ್ಣುಮಕ್ಕಳು ಮಾಡಬಹುದು, ಅದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಾನಂತೂ ಕೇಳಲೂ ಇಲ್ಲ. ಸಿಕ್ಕಿರುವ ಒಂದೇ ಒಂದು ಹುದ್ದೆಯ ಬಗ್ಗೆ ವಿಚಾರಣೆ ನಡೆಸುವಷ್ಟು ದಡ್ಡ ನಾನಲ್ಲ. ಹುಣ್ಣಿಮೆಗೋ ಅಮಾವಾಸ್ಯೆಗೋ ಕಡಬು ಮಾಡುವ ದಿನ ಶೋಭಾ ಒಳಗಿನಿಂದ ಕರೆಯುತ್ತಿದ್ದಳು. ನಾನು ಪೇಪರನ್ನು ನಿಧಾನವಾಗಿ ಮಡಚಿ, ತೋಳು ಏರಿಸಿಕೊಂಡು, ಶಸ್ತ್ರಕ್ರಿಯೆಗೆ ಹೊರಟ ದೊಡ್ಡ ಡಾಕ್ಟರರ ಹಾಗೆ ಅಡುಗೆಮನೆಗೆ ಹೋಗುತ್ತಿದ್ದೆ. ನಮ್ಮ ಓಣಿಯಲ್ಲಿ ಬೇರೆ ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ನನಗೆ ರಜೆ ಇದ್ದರೆ ಅಕ್ಕಪಕ್ಕದ ಎರಡು ಮೂರು ಮನೆಗಳಿಂದಲೂ ಕರೆ ಬರುತ್ತಿತ್ತು. ನಾನು ಹಾವೇರಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕ. ಊರಿನವರು ಮಾಸ್ತರ್ ಎನ್ನುತ್ತಾರೆ, ನಾನು ತಿದ್ದುವುದಿಲ್ಲ. ಅಲ್ಲಿ ನನ್ನ ಸಹಿಯಿಲ್ಲದೆ ಎಷ್ಟೋ ಕೆಲಸಗಳು ನಡೆದುಹೋಗುತ್ತವೆ. ಓಣಿಯಲ್ಲಿ ಮಾತ್ರ ನಾನು ಕೈಯಿಡದೆ ಕುಂಬಳಕಾಯಿ ಬೇಯುತ್ತಿರಲಿಲ್ಲ.

ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ. ನನಗೆ ಕುಂಬಳಕಾಯಿ ಒಡೆಯಲು ಬರುವುದಿಲ್ಲ. ಮೊದಲ ಏಟಿಗೆ ಚಾಕು ಜಾರುತ್ತದೆ, ಎರಡನೆಯದಕ್ಕೆ ಸಿಕ್ಕಿಕೊಳ್ಳುತ್ತದೆ, ಮೂರನೆಯ ಸಲ ಕಾಯಿ ಸಮೇತ ಎತ್ತಿ ನೆಲಕ್ಕೆ ಕುಟ್ಟುತ್ತೇನೆ. ಅವ್ವ ಮತ್ತು ಶೋಭಾ ಆ ಹೊತ್ತಿನಲ್ಲಿ ಬೇರೆ ಎಲ್ಲೋ ನೋಡುತ್ತಿರುತ್ತಾರೆ. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ಇನ್ನು ಭೂಮಿಯ ವಿಷಯ. ನಾವು ನಮ್ಮ ಹಳ್ಳಿ ಕರ್ಜಗಿ ಬಿಟ್ಟು ಹಾವೇರಿಗೆ ಬಂದದ್ದು ಈ ವರ್ಷ. ಅವಳು ಜೂನ್‌ನಲ್ಲಿ ಇಲ್ಲಿನ ಶಾಲೆಗೆ ನಾಲ್ಕನೆಯ ತರಗತಿಗೆ ಸೇರಿದಳು. ಆ ತರಗತಿಯ ಮಕ್ಕಳೆಲ್ಲ ಎಲ್‌ಕೆಜಿಯಿಂದ ಒಟ್ಟಿಗೇ ಬೆಳೆದವರು. ಯಾರ ಪಕ್ಕ ಯಾರು ಕೂರಬೇಕು, ಯಾರ ಡಬ್ಬಿಗೆ ಯಾರು ಕೈ ಹಾಕಬೇಕು ಎಂಬುದೆಲ್ಲ ಎಂದೋ ಹಂಚಿಕೆಯಾಗಿಹೋಗಿತ್ತು. ಅವಳಿಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ಯಾರೂ ಏನನ್ನೂ ಮಾಡಲಿಲ್ಲ, ಅದೇ ಕಷ್ಟವಾಗಿದ್ದು. ಒಬ್ಬಳೇ ಕೂತು ಉಣ್ಣುವುದಕ್ಕೆ ನಾಚಿಕೆಪಟ್ಟು ಡಬ್ಬಿಯನ್ನು ಅರ್ಧ ಬಿಟ್ಟು ತರುತ್ತಿದ್ದಳು. ಶೋಭಾ ದಿನಾ ಸಂಜೆ ಆ ಡಬ್ಬಿಯ ಮುಚ್ಚಳ ತೆಗೆದು ನೋಡಿ, ತೊಳೆಯಲು ಇಡುತ್ತಿದ್ದಳು. ಕರ್ಜಗಿಯಲ್ಲಿ ಅಂಗಳ ತುಂಬ ಹುಡುಗಿಯರನ್ನು ಸೇರಿಸಿಕೊಂಡು ಕುಣಿಯುತ್ತಿದ್ದ ಮಗು ಹೀಗೆ ಮಾತು ಕಡಿಮೆ ಮಾಡಿಕೊಂಡಿತು. ಆದರೆ ಗೆಳತಿಯರನ್ನು ತಂದುಕೊಡಲು ಅಪ್ಪನಿಂದ ಆಗುತ್ತದೆಯೆ? ಅದೇನು ಕಂಪಾಸು ಪೆಟ್ಟಿಗೆಯೆ?

ಅಕ್ಟೋಬರ್‌ನಲ್ಲಿ ಆ ತರಗತಿಗೆ ಹ್ಯಾಲೋವೀನ್ ಹುಚ್ಚು ಹಿಡಿಯಿತು. ಅನ್ವಿತಾ ಎಂಬ ಹುಡುಗಿ ರಜೆಯಲ್ಲಿ ಯಾವುದೋ ದೊಡ್ಡ ಊರಿನ ಸಂಬಂಧಿಕರ ಮನೆಗೆ ಹೋಗಿದ್ದಾಗ ಅದನ್ನು ನೋಡಿ ಬಂದಿದ್ದಳು. ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಒಳಗೆ ದೀಪ ಇಡುತ್ತಾರೆ, ಮನೆ ತುಂಬ ಬಾವಲಿ, ದೆವ್ವ, ಜೇಡರ ಬಲೆ ಕಟ್ಟುತ್ತಾರೆ ಎಂದು ಅವಳು ವರ್ಣಿಸಿದ್ದೇ ತಡ, ಮಕ್ಕಳೆಲ್ಲ ಶಾಲೆಯಲ್ಲೂ ಮಾಡೋಣವೆಂದು ಹಟ ಹಿಡಿದರು. ಜೇಡರ ಬಲೆ ತೆಗೆಸುವುದೇ ಸಾಕಾಗಿದೆ, ಇನ್ನು ಕಟ್ಟುವುದು ಬೇರೆಯೇ ಎಂದು ದೊಡ್ಡ ಬಾಯಿಯವರು, ಅಂದರೆ ಹೆಡ್‌ಮಿಸ್, ಕೈಬಿಟ್ಟರಂತೆ. ತರಗತಿ ಸಪ್ಪಗಾಗಿ ಕೂತಿದ್ದಾಗ ನಾಲ್ಕು ತಿಂಗಳಿಂದ ಬಾಯಿ ತೆರೆಯದಿದ್ದ ನಮ್ಮ ಭೂಮಿ ಎದ್ದು ನಿಂತು, ನಮ್ಮ ಮನೆಯಲ್ಲಿ ಮಾಡುತ್ತೇವೆ, ಶನಿವಾರ ಸಂಜೆ ಎಲ್ಲರೂ ಬನ್ನಿ ಎಂದುಬಿಟ್ಟಳು. ಅಲಂಕಾರ ಯಾರು ಮಾಡುತ್ತಾರೆ ಎಂದು ಅನ್ವಿತಾ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಮನೆಗೆ ಬಂದು ನನಗೆ ಒಪ್ಪಿಸಿದಳು: "ನಮ್ಮಪ್ಪ ಮಾಡ್ತಾನ ಅಂತ ಹೇಳೇನಿ. ಕುಂಬಳಕಾಯಿ ಒಡಿಯೂದ್ರಾಗ ನಮ್ಮಪ್ಪ ಭಾಳ ಶಾಣ್ಯಾ ಅದಾನ ಅಂದೆ."

ಆ ಮಾತು ಕೇಳಿ ನನ್ನ ಎದೆ ಉಬ್ಬಿದ್ದೂ ಹೌದು, ಮರುಕ್ಷಣ ಧಸಕ್ಕೆಂದದ್ದೂ ಹೌದು. ಹನ್ನೊಂದು ಮಕ್ಕಳು ಬರುತ್ತಾರೆ. ಚೆನ್ನಾಗಿ ಆದರೆ ಅವಳಿಗೆ ಒಂದು ಬೆಂಚು ಸಿಗುತ್ತದೆ, ಕೆಟ್ಟರೆ ಆ ಹುಡುಗಿ ಮತ್ತೆ ಎದ್ದು ನಿಲ್ಲುವುದಿಲ್ಲ. ಇಷ್ಟೆಲ್ಲ ನಿಂತಿದ್ದು ನನ್ನ ಕೈಚಳಕದ ಮೇಲೆ.

ಅವ್ವನನ್ನು ಒಪ್ಪಿಸುವುದು ದೊಡ್ಡ ಕೆಲಸವಾದೀತೆಂದು ಹೆದರಿದ್ದೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ನೋಡಿ, ಕಂಡವರ ಮನೆಯ ದೆವ್ವ ನಮ್ಮ ಮನೆಗೆ ಯಾಕೆ ಬೇಕು, ನಮ್ಮವರು ಪಿತೃಪಕ್ಷದಲ್ಲಿ ಬಂದು ಉಂಡು ಹೋದದ್ದು ಸಾಲದೆ ಎಂದು ಕೇಳಿದಳು. ಕುಂಬಳಕಾಯಿಯ ಮುಖ ಕಂಡಾಗ, ಇದರಲ್ಲೇನು ಹೊಸದು, ಕಟ್ಟುತ್ತಿರುವ ಮನೆಗೆ ತೂಗುಹಾಕುವ ದೃಷ್ಟಿಗೊಂಬೆಯಲ್ಲವೆ ಇದು ಎಂದು ತೀರ್ಪು ಕೊಟ್ಟಳು. ಬರುವವರು ಭೂಮಿಯ ಶಾಲೆಯ ಹುಡುಗಿಯರು ಎಂದು ಶೋಭಾ ಮೆಲ್ಲಗೆ ಹೇಳಿದ ಮೇಲೆ ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. ಪ್ರತಿ ದೀಪಾವಳಿಗೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಚೆಂಡುಹೂ ಸಿಕ್ಕಿಸಿ ಹೊಸ್ತಿಲ ಮೇಲೆ ಕೂರಿಸುವ ಕೈ ಅದು. ಐವರು ಪಾಂಡವರನ್ನು ಮಾಡಿದವಳಿಗೆ ಒಂದು ದೆವ್ವ ಯಾವ ಲೆಕ್ಕ?

ಕೆಲಸ ಹಂಚಿಕೆಯಾಯಿತು. ಅವ್ವ ಹೊಲದಲ್ಲಿ ನಿಲ್ಲಿಸುವಂಥ ಬೆದರುಗೊಂಬೆ ಮಾಡುವುದು. ಶೋಭಾ ಮನೆಯಲ್ಲೇ ಹೊಲಿಗೆ ಮಾಡುವವಳಾದ್ದರಿಂದ ಬ್ಲೌಸಿನ ಲೈನಿಂಗು, ಪೆಟಿಕೋಟಿನ ಕಪ್ಪು ತುಂಡುಗಳಲ್ಲಿ ಬಾವಲಿಗಳನ್ನು ಹೊಲಿಯುವುದು. ಎರಡೇ ದಿನದಲ್ಲಿ ನಮ್ಮ ಪಡಸಾಲೆಯ ಹಗ್ಗದ ಮೇಲೆ ನಲವತ್ತು ಬಾವಲಿಗಳು ತಲೆಕೆಳಗಾಗಿ ತೂಗಿದವು. ಬ್ಲೌಸು ಅಳತೆ ಕೊಡಲು ಬಂದ ಹೆಣ್ಣುಮಗಳೊಬ್ಬಳು ಇವು ಯಾವ ಫ್ಯಾಶನ್ನಿನ ತೋಳುಗಳು ಎಂದು ವಿಚಾರಿಸಿ, ತನಗೂ ಹಾಗೇ ಇಡಿ ಎಂದು ಹೇಳಿ ಹೋದಳು. ಕುಂಬಳಕಾಯಿಯ ಖಾತೆ, ಹೇಳಬೇಕಾದ್ದೇ ಇಲ್ಲ, ನನಗೆ.

ಹಾವೇರಿಯಲ್ಲಿ ನನಗೆ ಬೇಕಾದಂಥ ದುಂಡನೆಯ ಕಾಯಿ ಸಿಗಲಿಲ್ಲ. ದಸರೆ ಮುಗಿದ ಮೇಲೆ ಎಲ್ಲ ಹೋಳು ಮಾಡಿ ಇಟ್ಟಿದ್ದರು. ರಾಣೆಬೆನ್ನೂರಿಗೆ ಹೋದೆ. ಅಲ್ಲಿ ಇನ್ನೊಂದು ಕೆಲಸವೂ ಇತ್ತು. ನಮ್ಮ ಗ್ರಂಥಾಲಯದ ಬೋರ್ಡುಗಳನ್ನು ಬರೆದ ರಫೀಕ್ ಭಾಯಿ ಎಂಬ ಪೇಂಟರ್ ಇರುವುದು ಅಲ್ಲೇ. ಬೋರ್ಡುಗಳನ್ನೆಲ್ಲ ಈಗ ಮಶಿನ್ನೇ ಬರೆಯುವುದರಿಂದ ಅವನು ಹೆಚ್ಚಾಗಿ ಹೊಸ ಮನೆಗಳಿಗೆ ಕಟ್ಟುವ ಬೂದುಗುಂಬಳಕ್ಕೆ, ತಗಡಿಗೆ ರಾಕ್ಷಸನ ಮುಖ ಬರೆಯುತ್ತಾನೆ. ಸುತ್ತಲಿನ ಮೂರು ತಾಲೂಕಿನ ಕಟ್ಟಡಗಳನ್ನು ಕೆಟ್ಟ ಕಣ್ಣಿನಿಂದ ಕಾಯುತ್ತಿರುವುದು ಅವನ ಕುಂಚವೇ. ನಾನು ವಿಷಯ ಹೇಳಿದೆ. ಅವನು ಕುಂಚ ಕೆಳಗಿಟ್ಟು, ತಾನು ದೆವ್ವ ಬರದಿರಲಿ ಎಂದು ಮುಖ ಬರೆಯುತ್ತೇನೆ, ಈ ಹಬ್ಬದವರು ಬರಲಿ ಎಂದು ಬರೆಯುತ್ತಾರೇನು ಎಂದು ಕೇಳಿದ. ಚಹ ತರಿಸಿ, ಕಸುಬಿನ ಗುಟ್ಟನ್ನು ಬಚ್ಚಿಡದೆ ಹೇಳಿಕೊಟ್ಟ.

"ಮಾಸ್ತರ್ರ, ಹೆದರಸೂದು ಹಲ್ಲಿನ ಕೆಲಸ ಅಲ್ರಿ, ಕಣ್ಣಿನ ಕೆಲಸ. ಎರಡೂ ಕಣ್ಣು ಒಂದ ಕಡೆ ನೋಡಬಾರ್ದು. ಒಂದು ನಿಮ್ಮನ್ನ ನೋಡಬೇಕು, ಇನ್ನೊಂದು ನಿಮ್ಮ ಹಿಂದಿನವನ್ನ ನೋಡಬೇಕು."

ಹಾಗಾದರೆ ನಿಮ್ಮ ಮನೆಯ ಮುಂದಿನ ರಾಕ್ಷಸನಿಗೆ ಎಲ್ಲರೂ ಹೆದರುತ್ತಾರೇನು ಎಂದೆ. ಅವನ ಮುಖ ಸ್ವಲ್ಪ ಬಾಡಿತು. ಮೊಮ್ಮಗಳು ದಿನಾ ಅದಕ್ಕೆ ಟಾಟಾ ಮಾಡಿ ಶಾಲೆಗೆ ಹೋಗುತ್ತಾಳಂತೆ.

ಐದು ಕುಂಬಳಕಾಯಿಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಬ್ಯಾಡಗಿಯ ಬಸ್ಸು ಹತ್ತಿದೆ. ಬ್ಯಾಡಗಿಯಲ್ಲಿ ನನ್ನ ತಂಗಿ ಗಿರಿಜಾ ಇದ್ದಾಳೆ. ಅವಳ ಮನೆಯವರದು ಮೆಣಸಿನಕಾಯಿ ವ್ಯಾಪಾರ. ಕುಂಬಳಕಾಯಿಗೆ ಕೆಂಪು ಕೂದಲು, ಹೊರಚಾಚಿದ ಕೆಂಪು ನಾಲಿಗೆ ಇದ್ದರೆ ಹೇಗೆ ಎಂಬ ಕಲ್ಪನೆ ನನಗೆ ರಫೀಕನ ಚಹ ಕುಡಿಯುವಾಗಲೇ ಹೊಳೆದಿತ್ತು. ಅಮೆರಿಕದವರಿಗೆ ಇದು ಹೊಳೆದಿರಲಿಕ್ಕಿಲ್ಲ, ಪಾಪ ಅವರ ಹತ್ತಿರ ಬ್ಯಾಡಗಿ ಇಲ್ಲವಲ್ಲ ಎಂದು ಮರುಕಪಟ್ಟೆ. ಬಸ್ಸು ತಿರುವು ತೆಗೆದುಕೊಂಡಾಗ ಚೀಲದ ಬಾಯಿ ಸಡಿಲಾಗಿ ಒಂದು ಕಾಯಿ ಡ್ರೈವರನವರೆಗೂ ಉರುಳಿಕೊಂಡು ಹೋಯಿತು. ಕಾಲಿನಿಂದ ತಡೆದ ಹಿರಿಯರೊಬ್ಬರು ಅದನ್ನು ಮಡಿಲಲ್ಲಿಟ್ಟುಕೊಂಡು, ಐದು ಕಾಯಿ ಬೇಕೆಂದರೆ ಎಷ್ಟು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೀರಿ ಎಂದು ಕೇಳಿದರು. ಬಾಡಿಗೆ ಮನೆಯವನಾದ ನಾನು ಬರಿದೆ ನಕ್ಕೆ. ಇಳಿಯುವವರೆಗೂ ಅವರು ನನಗೆ ಬಹಳ ಮರ್ಯಾದೆ ಕೊಟ್ಟರು.

ಮೆಣಸಿನಕಾಯಿಯ ಹೊಸ ಬೆಳೆ ಬರಲು ಇನ್ನೂ ತಿಂಗಳುಗಳಿದ್ದವು. ಗಿರಿಜಾ ಕೋಲ್ಡ್ ಸ್ಟೋರೇಜಿನ ಕಾಯಿಗಳಲ್ಲೇ ಉದ್ದನೆಯವನ್ನು, ನೆರಿಗೆ ಚೆನ್ನಾಗಿದ್ದವನ್ನು ಆರಿಸಿ ಒಂದು ಚೀಲ ಕೊಟ್ಟಳು. ದೀಪದ ಹತ್ತಿರ ಜೋಕೆ ಎಂದೂ ಹೇಳಿದಳು. ನಾನು ಅವಳಿಗೇ ಪಾಠ ಹೇಳಿದೆ: ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ, ಇದು ಸಾಧು ಕಾಯಿ. ಹುಟ್ಟಿದಾಗಿನಿಂದ ಪುಸ್ತಕದ ನಡುವೆ ಇರುವವನೇನೋ ಎಂಬಂತೆ ಮಾತಾಡುವುದು ನನ್ನ ಚಾಳಿ. ಬ್ಯಾಡಗಿಯಲ್ಲಿ ಕೂತು, ಮೆಣಸಿನಕಾಯಿಯವರ ಮನೆಯಲ್ಲಿ, ಮೆಣಸಿನಕಾಯಿಯ ಬಗ್ಗೆ ಭಾಷಣ ಮಾಡಿದವನು ನಾನೊಬ್ಬನೇ ಇರಬೇಕು.

ಶುಕ್ರವಾರ ಸಂಜೆ ಪಡಸಾಲೆಯಲ್ಲಿ ಪೇಪರು ಹಾಸಿಕೊಂಡು ಕೊರೆಯಲು ಕೂತೆ. ಒಡೆಯುವುದು ಬೇರೆ, ಕೊರೆಯುವುದು ಬೇರೆ ಎಂದು ಆಗ ಗೊತ್ತಾಯಿತು. ಮೊದಲನೆಯ ಕಾಯಿಗೆ ತೊಟ್ಟಿನ ಬಳಿ ಚಾಕು ಇಟ್ಟು ಅಭ್ಯಾಸಬಲದಿಂದ ನೆಲಕ್ಕೆ ಕುಟ್ಟಿದೆ. ಸೀದಾ ಎರಡು ಹೋಳಾಯಿತು. ಎರಡನೆಯದಕ್ಕೆ ಮೂಗು ಕೊರೆಯುವಾಗ ಅದು ಬಾಯಿಯನ್ನು ಹೋಗಿ ಕೂಡಿಕೊಂಡಿತು. ಅದನ್ನು ಸರಿಪಡಿಸಲು ಹೋದಾಗ ಕಣ್ಣೂ ಬಂದು ಸೇರಿ, ಒಂದೇ ದೊಡ್ಡ ಕಿಂಡಿಯಾಯಿತು. ಮೂರನೆಯದರಲ್ಲಿ ನನ್ನ ಹೆಬ್ಬೆರಳನ್ನೇ ಕೊರೆದುಕೊಂಡೆ. ಈ ಮಧ್ಯೆ ಭೂಮಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ತಾನೊಂದು ಮಾಡಲೇ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ನಾನು ಬೇಡವೆಂದೆ. ಕೈ ಕೊಯ್ದುಕೊಂಡೀಯೆ ಎಂದು ಹೇಳುವಂತಿರಲಿಲ್ಲ, ಯಾಕೆಂದರೆ ಬ್ಯಾಂಡೇಜು ನನ್ನ ಕೈಯಲ್ಲಿತ್ತು. ಅದಕ್ಕೇ ಶಾಸ್ತ್ರ ತೆಗೆದೆ. ಹೆಣ್ಣುಮಕ್ಕಳು ಕುಂಬಳಕಾಯಿಗೆ ಮೊದಲು ಚಾಕು ಹಾಕಬಾರದು ಎಂದೆ. ಅವಳು ಎದ್ದು ಹೋಗಿ ಅಜ್ಜಿಯ ಪಕ್ಕ ಕೂತಳು. ಅವ್ವ ಬೆದರುಗೊಂಬೆಗೆ ಹುಲ್ಲು ತುಂಬುತ್ತಿದ್ದವಳು ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟ ಈಗ ನೆನಪಾದರೂ ನನಗೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ನಾಲ್ಕನೆಯ ಕಾಯಿ ಹೇಗೋ ದಕ್ಕಿತು. ಮುಖಕ್ಕಿಂತ ಹೆಚ್ಚಾಗಿ ಹರಿದ ಚೀಲದಂತಿದ್ದರೂ, ಮೆಣಸಿನಕಾಯಿಯ ಕೂದಲು ಮತ್ತು ಮೊಳದುದ್ದದ ನಾಲಿಗೆ ಅಂಟಿಸಿದ ಮೇಲೆ ನನಗೇ ಹೆಮ್ಮೆಯೆನಿಸಿತು. ಐದನೆಯದನ್ನು ಅವ್ವ ಪಲ್ಯಕ್ಕೆಂದು ಮೊದಲೇ ಮಂಚದ ಕೆಳಗೆ ಸರಿಸಿಟ್ಟಿದ್ದಳು.

ಶನಿವಾರ ಬಂತು. ಗೇಟಿನ ಪಕ್ಕ ಅವ್ವನ ಬೆದರುಗೊಂಬೆ ಎದ್ದು ನಿಂತಿತು. ಗಡಿಗೆಯ ತಲೆ, ಸುಣ್ಣದ ಬೊಟ್ಟು, ಮೈಮೇಲೆ ನಾನು ಎರಡು ದಿನದಿಂದ ಹುಡುಕುತ್ತಿದ್ದ ನೀಲಿ ಚೌಕಳಿ ಅಂಗಿ. ಅಂಗಿ ಹರಿದಿರಲಿಲ್ಲ. ಹಾಗೆ ಹೇಳಿದ್ದಕ್ಕೆ, ಹರಿದದ್ದು ಹಾಕಿದರೆ ಬಂದವರ ಮುಂದೆ ಚೆನ್ನಾಗಿರುತ್ತದೆಯೆ ಎಂದು ಶೋಭಾ ನನ್ನನ್ನೇ ಕೇಳಿದಳು. ಎದುರುಮನೆಯ ಪಾಟೀಲ ಕಾಕಾ ಹಾಯ್ದು ಹೋಗುವಾಗ ಅದಕ್ಕೆ ಕೈ ಎತ್ತಿ ಕ್ಷೇಮಸಮಾಚಾರ ಕೇಳಿದರು. ಮಾಸ್ತರ್ ಈಚೆಗೆ ಮಾತಾಡಿಸಿದರೂ ಮಾತಾಡುವುದಿಲ್ಲ ಎಂದು ಅವರು ಆಮೇಲೆ ಓಣಿಯಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಐದು ಗಂಟೆಗೆ ಎಂದು ಹೇಳಿತ್ತು. ಐದೂಕಾಲಾದರೂ ಯಾರೂ ಬರಲಿಲ್ಲ. ಭೂಮಿ ಕಪ್ಪು ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗೇಟಿನ ಸರಳು ಹಿಡಿದು ನಿಂತಿದ್ದಳು. ಒಳಗೆ ಶೋಭಾ ಮಂಡಕ್ಕಿಯ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತ ಹೆಚ್ಚುತ್ತ ಬೇಕಾದ್ದಕ್ಕಿಂತ ಎರಡು ಪಟ್ಟು ಹೆಚ್ಚಿಬಿಟ್ಟಿದ್ದಳು. ನಾನು ಇಲ್ಲದ ದೇವರನ್ನೆಲ್ಲ ನೆನೆದು, ಕೊನೆಗೆ ಕದರಮಂಡಲಗಿಯ ಆಂಜನೇಯನಿಗೆ ಬರುವ ಶನಿವಾರ ಬರುತ್ತೇನೆಂದು ಹೇಳಿಕೊಂಡೆ. ದೆವ್ವದ ಹಬ್ಬ ಚೆನ್ನಾಗಿ ಆಗಲಿ ಎಂದು ಹನುಮಪ್ಪನಿಗೆ ಹರಕೆ ಹೊತ್ತದ್ದು ಸರಿಯೇ ಎಂದು ನನಗೆ ಆಗ ಹೊಳೆಯಲಿಲ್ಲ. ಅಷ್ಟರಲ್ಲಿ ಎರಡು ಆಟೋಗಳು ಬಂದು ನಿಂತವು. ಹನ್ನೊಂದು ಮಂದಿಯೂ ಇಳಿದರು.

ಅವರು ಬಾವಲಿಗಳನ್ನು ನೋಡಿ ಚಂದ ಇವೆ ಎಂದರು. ಬೆದರುಗೊಂಬೆಯ ಕೈ ಕುಲುಕಿದರು. ಯಾರೂ ಹೆದರಲಿಲ್ಲ. ನಾನು ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಕಿಟಕಿ ಮುಚ್ಚಿ, ಪರದೆ ಎಳೆದು, ಹ್ಯಾಲೋವೀನಿನ ಮೂಲದ ಬಗ್ಗೆ ನಾಲ್ಕು ಮಾತು ಹೇಳಲು ಶುರು ಮಾಡಿದೆ. ನಾಲ್ಕು ಹೋಗಿ ನಲವತ್ತಾದವು. ಅನ್ವಿತಾ ಆಕಳಿಸಿದಳು. ಆಗ ಗಡಿಬಿಡಿಯಲ್ಲಿ ಕುಂಬಳಕಾಯಿಯೊಳಗೆ ಎಣ್ಣೆಯ ಹಣತೆ ಹಚ್ಚಿಟ್ಟು ಮುಚ್ಚಳ ಮುಚ್ಚಿದೆ. ಕಣ್ಣುಗಳು ಬೆಳಗಿದವು. ಮಕ್ಕಳು ಓ ಎಂದರು. ಭೂಮಿ ನನ್ನ ಕಡೆ ತಿರುಗಿ ನಕ್ಕಳು. ಆ ನಗು ನೋಡಿ ಎಷ್ಟು ತಿಂಗಳಾಗಿತ್ತು ಎಂದು ನನಗೆ ಗಂಟಲು ಕಟ್ಟಿತು. ಗಂಟಲು ಕಟ್ಟಿದ್ದು ಬರೀ ಅದಕ್ಕಲ್ಲ ಎಂದು ಗೊತ್ತಾಗಲು ಅರ್ಧ ನಿಮಿಷ ಬೇಕಾಯಿತು. ಕುಂಬಳಕಾಯಿಯ ಮೆಣಸಿನಕಾಯಿ ನಾಲಿಗೆಯ ಒಳತುದಿ ಹಣತೆಯೊಳಗೆ ಇಳಿದಿತ್ತು.

ಸಾಧು ಕಾಯಿಯ ಘಾಟು ಮುಚ್ಚಿದ ಕೋಣೆಯಲ್ಲಿ ಏನು ಮಾಡುತ್ತದೆಂದು ನಾನು ವರ್ಣಿಸುವುದಿಲ್ಲ. ಹನ್ನೆರಡು ಮಕ್ಕಳು, ನಾನು, ಶೋಭಾ ಎಲ್ಲರೂ ಕೆಮ್ಮುತ್ತ, ಸೀನುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಅಂಗಳಕ್ಕೆ ಬಂದು ಬಿದ್ದೆವು. ಅವ್ವ ಒಬ್ಬಳೇ ಮೂಗಿಗೆ ಸೆರಗು ಹಿಡಿದು ಒಳಗೆ ಹೋಗಿ, ಕುಂಬಳಕಾಯಿಯ ಮೇಲೆ ಕೊಡ ನೀರು ಸುರಿದು, ಕಿಟಕಿ ತೆಗೆದು ಬಂದಳು. ದೃಷ್ಟಿ ತೆಗೆದ ಮೆಣಸಿನಕಾಯಿ ಒಲೆಗೆ ಹಾಕಿದಾಗ ಘಾಟು ಬಂದರೆ ಯಾರಿಗೂ ದೃಷ್ಟಿ ಆಗಿಲ್ಲ ಎಂದು ಅರ್ಥ, ಇವತ್ತು ಇಡೀ ಓಣಿಯಲ್ಲಿ ಯಾರಿಗೂ ಆಗಿಲ್ಲ ಎಂದಳು. ಯಾರೂ ನಗಲಿಲ್ಲ. ಇಬ್ಬರು ಅಳುತ್ತಿದ್ದರು. ಅನ್ವಿತಾ ಕಣ್ಣು ಒರೆಸಿಕೊಳ್ಳುತ್ತ, ಮನೆಗೆ ಫೋನ್ ಮಾಡಬೇಕು ಎಂದು ಶೋಭಾಳನ್ನು ಕೇಳಿದಳು. ಭೂಮಿ ತುಳಸಿಕಟ್ಟೆಯ ಮೂಲೆಯಲ್ಲಿ ನಿಂತಿದ್ದಳು. ಅವಳ ಕಣ್ಣಿನ ನೀರು ಮೆಣಸಿನಕಾಯಿಯದೋ ಬೇರೆಯದೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಷ್ಟು ಹೊತ್ತಿಗೆ ಅವ್ವ ಮಂಚದ ಕೆಳಗಿನ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಅಂಗಳದ ನಡುವೆ ಇಟ್ಟಳು. ಪಕ್ಕದಲ್ಲಿ ಚಾಕು. ನಾನು ತೋಳು ಏರಿಸಿಕೊಂಡು ಮುಂದೆ ಬಂದೆ.

"ನೀ ಒಡದದ್ದು ಸಾಕು. ಸುಮ್ಮ ಕುಂದ್ರು," ಎಂದಳು ಅವ್ವ. ಆಮೇಲೆ ಭೂಮಿಯನ್ನು ಕರೆದು ಚಾಕು ಅವಳ ಕಡೆ ಚಾಚಿದಳು. "ಹಿಡಿ, ನಮ್ಮವ್ವ."

ಭೂಮಿ ಕೈ ಮುಂದೆ ಮಾಡಲಿಲ್ಲ. ಗೆಳತಿಯರೆಲ್ಲ ಕೆಮ್ಮುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಅವಳು ನನ್ನನ್ನೇ ನೋಡಿದಳು. "ಹೆಣ್ಣುಮಕ್ಕಳು ಮೊದಲು ಚಾಕು ಹಾಕಬಾರ್ದು ಅಂತ ನೀನ ಹೇಳಿದ್ದೆಲ್ಲಪಾ."

ನನ್ನ ಏಕೈಕ ಹುದ್ದೆ ಅಂಗಳದ ನಡುವೆ ಗುಂಡಗೆ ಕೂತಿತ್ತು. ರಾಜೀನಾಮೆ ಕೊಡಲು ಅಷ್ಟು ಕಷ್ಟವಾಗುತ್ತದೆಂದು ನಾನು ಎಣಿಸಿರಲಿಲ್ಲ, ಕೊಟ್ಟ ಮೇಲೆ ಅಷ್ಟು ಹಗುರವಾಗುತ್ತದೆಂದೂ ಎಣಿಸಿರಲಿಲ್ಲ. "ನಾ ಹೇಳಿದ್ದು ತಪ್ಪವ್ವಾ," ಎಂದೆ. "ಎರಡೂ ಕಣ್ಣು ಒಂದ ಕಡೆ ನೋಡಬಾರ್ದು. ಅದೊಂದು ನೆನಪಿಟ್ಕೊ."

ಅವಳು ಇದ್ದಿಲಿನಲ್ಲಿ ಮೊದಲು ಕಣ್ಣು ಬರೆದಳು, ಒಂದು ಬೀದಿಯ ಕಡೆಗೆ, ಒಂದು ಆಕಾಶದ ಕಡೆಗೆ. ಅವ್ವ ಅವಳ ಪುಟ್ಟ ಕೈಯ ಮೇಲೆ ತನ್ನ ಕೈ ಇಟ್ಟಳು, ಚಾಕು ಸದ್ದಿಲ್ಲದೆ ಇಳಿಯಿತು. ಕುಟ್ಟಬೇಕಾಗಲೇ ಇಲ್ಲ. ಬಾಯಿ ಕೊರೆಯುವ ಹೊತ್ತಿಗೆ ಅನ್ವಿತಾ ಫೋನಿನ ವಿಷಯ ಮರೆತು, ಕಾಯಿ ಅಲುಗದಂತೆ ಹಿಡಿದು ಕೂತಿದ್ದಳು. ಇನ್ನೊಬ್ಬಳು ತನಗೆ ಮೂಗು ಬೇಕೆಂದಳು. ಅಳುತ್ತಿದ್ದ ಇಬ್ಬರು ಮೊಣಕೈತನಕ ಒಳಗೆ ಕೈ ಹಾಕಿ ಬೀಜ ಬಗೆಯುತ್ತಿದ್ದರು. ನಾನು ಕೆಡಿಸಿದ ಮೂರನ್ನೂ ಹಿತ್ತಲಿನಿಂದ ಎಳೆದು ತಂದು, ಒಂದೇ ಕಿಂಡಿಯಾಗಿದ್ದುದಕ್ಕೆ ಇದು ಆಕಳಿಸುವ ದೆವ್ವ ಎಂದು ಹೆಸರಿಟ್ಟರು. ಹೋಳಾಗಿದ್ದದ್ದು ಟೋಪಿಯಾಯಿತು. ಮಬ್ಬುಗತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಸಾಲಾಗಿ ದೀಪ ಹೊತ್ತಿಕೊಂಡವು. ಭೂಮಿಯ ಕುಂಬಳಕಾಯಿ ಯಾರನ್ನೂ ಹೆದರಿಸುವಂತಿರಲಿಲ್ಲ, ಬಾಯಿ ತುಂಬ ನಗುತ್ತಿತ್ತು. ಆದರೂ ಪಾಟೀಲ ಕಾಕಾ ಸಂಜೆ ವಾಕಿಂಗ್ ಮುಗಿಸಿ ಬಂದವರು ಅದನ್ನು ಕಂಡು ಓಣಿ ದಾಟಿ ಆಚೆ ಬದಿಗೆ ಹೋದರು. ರಫೀಕ್ ಭಾಯಿ ಸುಳ್ಳು ಹೇಳುವವನಲ್ಲ. ಗಿರ್ಮಿಟ್ಟಿನಲ್ಲಿ ಒಂದು ಮಂಡಕ್ಕಿಯೂ ಉಳಿಯಲಿಲ್ಲ. ಹೋಗುವಾಗ ಎಲ್ಲರೂ ಒಂದೊಂದು ಬಾವಲಿ ಕೇಳಿ ತೆಗೆದುಕೊಂಡು ಹೋದರು.

ಸೋಮವಾರ ಭೂಮಿಯ ಡಬ್ಬಿ ಖಾಲಿ ಬಂತು. ಮಂಗಳವಾರ ಅವಳು ಎರಡು ರೊಟ್ಟಿ ಹೆಚ್ಚು ಕಟ್ಟಲು ಹೇಳಿದಳು, ಮೂವರು ಕೂತು ಉಣ್ಣುತ್ತೇವೆ ಎಂದು. ಶೋಭಾ ಖಾಲಿ ಡಬ್ಬಿಯನ್ನು ನನಗೆ ತೋರಿಸಿ, ಮುಚ್ಚಳ ಹಾಕಿದಳು. ನಮಗೆ ಅಷ್ಟೇ ಬೇಕಾಗಿತ್ತು.

ನನಗೆ ಒಂದು ಮಾತ್ರ ಕೊರೆಯುತ್ತಿತ್ತು. ಜೀವಮಾನವಿಡೀ ಶಾಸ್ತ್ರ ನಡೆಸಿದ ಅವ್ವ ಅದನ್ನು ಹೀಗೆ ಒಂದು ಸಂಜೆಗೆ ಬಿಟ್ಟುಕೊಡುವುದು ಹೇಗೆ? ಒಂದು ದಿನ ಕೇಳಿಯೇಬಿಟ್ಟೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ನಿಮ್ಮಪ್ಪ ಹುಬ್ಬಳ್ಳಿ ಗಿರಣ್ಯಾಗ ಇರತಿದ್ದ. ಹಬ್ಬ ಅವನ ದಾರಿ ಕಾಯತಿತ್ತೇನು? ನಿನ್ನ ತೊಟ್ಟಲದಾಗಿಂದ ಎತ್ಕೊಂಡ ಬಂದು, ಚಾಕು ನಿನ್ನ ಕೈಯಾಗ ಕೊಟ್ಟು, ಮ್ಯಾಲೆ ನನ್ನ ಕೈ ಇಟ್ಟು ಒಡಿತಿದ್ದೆ. ಗಂಡ ಹುಡುಗ ಒಡದಾನ ಅಂತ ಮಂದಿ ಅಂತಿದ್ರು. ನೀನೂ ಅದನ್ನ ನಂಬಿದಿ."

ಅಂದರೆ ನನ್ನ ಅಧಿಕಾರ ಮೊದಲ ದಿನದಿಂದಲೂ ಅವ್ವನ ಕೈಯಲ್ಲೇ ಇತ್ತು. ನಾನು ಬರೀ ಹಿಡಿಕೆ. ಬೆದರುಗೊಂಬೆ ನನ್ನ ಅಂಗಿ ಹಾಕಿಕೊಂಡು ಗೇಟಿನಲ್ಲಿ ಇನ್ನೂ ನಿಂತೇ ಇತ್ತು. ನನಗಿಂತ ಅದಕ್ಕೇ ಓಣಿಯವರು ಹೆಚ್ಚು ನಮಸ್ಕಾರ ಮಾಡುತ್ತಿದ್ದರು.

ಮೊನ್ನೆ ಎಳ್ಳಮಾವಾಸ್ಯೆ. ಬೆಳಿಗ್ಗೆ ಕರ್ಜಗಿಯ ಹೊಲಕ್ಕೆ ಹೋಗುವುದಿತ್ತು, ಭೂಮಿಯ ಗೆಳತಿಯರು ಮೂವರು ಬೆಳಗಾಗುವ ಮೊದಲೇ ಬಂದು ಕೂತಿದ್ದರು. ಅಡುಗೆಮನೆಯಲ್ಲಿ ಕುಂಬಳಕಾಯಿ ಬಂದಿರುವುದು ನನಗೆ ಗೊತ್ತಿತ್ತು. ಪೇಪರು ಹಿಡಿದು ಪಡಸಾಲೆಯಲ್ಲಿ ಕೂತು, ಒಂದೇ ಸುದ್ದಿಯನ್ನು ನಾಲ್ಕು ಸಲ ಓದಿದೆ. ಯಾರೂ ಕರೆಯಲಿಲ್ಲ. ಆಮೇಲೆ ಒಳಗಿನಿಂದ ಕಾಯಿ ಸೀಳಿದ ಸದ್ದೂ ಹುಡುಗಿಯರ ನಗುವೂ ಕೇಳಿಸಿತು. ಕಾರಣವಿಲ್ಲದೆ ನೀರು ಕುಡಿಯಲು ಹೋದೆ. ಕರೆಯಲೇ ಇಲ್ಲವಲ್ಲ ಎಂದು ಶೋಭಾಳಿಗೆ ಹೇಳಿದ್ದಕ್ಕೆ, ನೀವು ಪೇಪರ್ ಓದುತ್ತಿದ್ದಿರಲ್ಲ ಎಂದಳು. ಭೂಮಿ ಚಾಕು ಹಿಡಿದು ಕೂತಿದ್ದಳು, ಪಕ್ಕದಲ್ಲಿ ಇನ್ನೊಂದು ಇಡಿಯ ಕಾಯಿ ಇತ್ತು. ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಸರಿದು ಜಾಗ ಮಾಡಿಕೊಟ್ಟಳು.

"ಬಾ ಅಪ್ಪಾ, ಇದನ್ನ ನೀ ಒಡಿ. ಹೆದರಬ್ಯಾಡ, ಮ್ಯಾಲೆ ನಾ ಕೈ ಇಡತೇನಿ."

ನಾನು ಪೇಪರು ಮಡಚಿಟ್ಟು, ತೋಳು ಏರಿಸಿಕೊಂಡು ಕೂತೆ.